ಹಂದಿಗೆಂದು ಎಳೆದ ತಂತಿ

ತುಂಗಭದ್ರೆ ದಂಡೆಯ ಮಾಗಳದಿಂದ ಹಿಡಿದು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಗುಡ್ಡಗಳ ತನಕ, ಮೆಕ್ಕೆಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ರೈತರ ನಿದ್ದೆ ಹಾರಿಹೋಗುತ್ತದೆ. ಹಗಲೆಲ್ಲ ಹಳ್ಳದ ಬಳ್ಳಾರಿ ಜಾಲಿಯ ಪೊದೆಯಲ್ಲಿ ಬಿದ್ದುಕೊಂಡ ಹಂದಿ ಹಿಂಡು ರಾತ್ರಿ ಹೊಲಕ್ಕೆ ನುಗ್ಗಿದರೆ, ತಿಂದದ್ದಕ್ಕಿಂತ ತುಳಿದು ಕೆಡವಿದ್ದೇ ಹೆಚ್ಚು. ಅಟ್ಟ ಕಟ್ಟಿ ಕಾಯ್ದು, ಪಟಾಕಿ ಹೊಡೆದು, ಹಳೇ ಸೀರೆ ಸುತ್ತಿ ಸೋತವರಲ್ಲಿ ಕೆಲವರು ಕೊನೆಗೆ ಕರೆಂಟಿಗೆ ಕೈಹಾಕುತ್ತಾರೆ. ಬೇಕಾಗುವುದು ಮೊಣಕಾಲೆತ್ತರದ ಗೂಟಗಳು, ಒಂದು ಸುರುಳಿ ಬೈಂಡಿಂಗ್ ವೈರು, ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಿಂದ ಎಳೆದ ಒಂದು ಫೇಸ್, ಅಷ್ಟೇ.

ಆ ಹೊಲದ ಪಕ್ಕದವನಿಗೂ ಪಂಪ್‌ಸೆಟ್ ಇರುತ್ತದೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಅವನೂ ಅಪರಾತ್ರಿಯಲ್ಲಿ ಎದ್ದು ಮೋಟರ್ ಹಾಕಲು ಬದುವಿನ ಮೇಲೆ ನಡೆಯಬೇಕು. ಬ್ಯಾಟರಿ ಬೆಳಕು ಹೆಜ್ಜೆಯ ಮುಂದೆ ಬೀಳುತ್ತದೆ. ಒದ್ದೆ ಮಣ್ಣಿನಲ್ಲಿ, ಬರಿಗಾಲಲ್ಲಿ, ಕಣಕಾಲಿಗೆ ತಗುಲುವ ತೆಳು ತಂತಿ ಆ ಬೆಳಕಿಗೆ ಸಿಗುವುದಿಲ್ಲ. ಸೋಲಾರ್ ಬೇಲಿಯಾದರೆ ಸೆಕೆಂಡಿನ ಅತಿ ಸಣ್ಣ ಭಾಗದಷ್ಟು ಹೊತ್ತು ಹೊಡೆದು ಬಿಡುತ್ತದೆ, ಹಿಂದೆ ಸರಿಯಲು ಎಡೆ ಇರುತ್ತದೆ. ಲೈನಿನ ಕರೆಂಟು ಬಿಡುವುದಿಲ್ಲ. ಹಿಡಿದ ಕೈ ಬಿಗಿದುಕೊಳ್ಳುತ್ತದೆ.

ಹೀಗೆ ಯಾರಾದರೂ ಸತ್ತು ಪೊಲೀಸರು ಬಂದಾಗ ಹೊಲದವನು ಹೇಳುವ ಮೊದಲ ಮಾತು: “ಹಂದಿಗೆ ಕಟ್ಟಿದ್ದು ಸಾರ್, ಮನುಷ್ಯರಿಗಲ್ಲ.” ಅದು ನಿಜವೇ ಇರಬಹುದು. ಕಾನೂನು ಆ ಮಾತನ್ನು ಪೂರ್ತಿ ತಳ್ಳಿಹಾಕುವುದೂ ಇಲ್ಲ, ಪೂರ್ತಿ ಒಪ್ಪಿ ಮನೆಗೆ ಕಳಿಸುವುದೂ ಇಲ್ಲ.

ಕೊಲ್ಲುವ ಉದ್ದೇಶ ಇರಲಿಲ್ಲ ಎಂದಾದರೆ ಕೊಲೆ ಕೇಸು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಅದರ ಕೆಳಗೆ ಎರಡು ಮೆಟ್ಟಿಲುಗಳಿವೆ. ಒಂದು, ಕೊಲೆಯಲ್ಲದ ಅಪರಾಧಿಕ ನರಹತ್ಯೆ: ಹಳೆಯ ದಂಡ ಸಂಹಿತೆಯ ಕಲಂ 304, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 105. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಕಾಲ್ತುಳಿತದಲ್ಲಿ 11 ಮಂದಿ ಸತ್ತಾಗ ಎಫ್‌ಐಆರ್‌ನಲ್ಲಿ ಸೇರಿದ್ದು ಇದೇ 105. ಇನ್ನೊಂದು, ನಿರ್ಲಕ್ಷ್ಯದಿಂದ ಉಂಟಾದ ಸಾವು: ಹಳೆಯ 304-ಎ, ಈಗಿನ 106(1). ಮೊದಲನೆಯದಕ್ಕೆ ‘ಸಾವು ಸಂಭವಿಸೀತು ಎಂಬ ಅರಿವು’ ಇತ್ತೆಂದಷ್ಟೇ ಸಾಬೀತಾದರೂ 10 ವರ್ಷದ ತನಕ ಜೈಲು. ಜಾಮೀನು ಹಕ್ಕಲ್ಲ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ಎರಡನೆಯದಕ್ಕೆ ಹಿಂದೆ ಹೆಚ್ಚೆಂದರೆ 2 ವರ್ಷ ಇತ್ತು, ಈಗ 5 ವರ್ಷ. ಜಾಮೀನು ಸಿಗುವ ಅಪರಾಧ, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಮುಗಿಯುತ್ತದೆ. ಘಟನೆ 2024ರ ಜುಲೈಗೆ ಮೊದಲಿನದಾದರೆ ಹಳೆಯ ಶಿಕ್ಷೆಯೇ ಅನ್ವಯ. ಹಿಂದಿನ ತಪ್ಪಿಗೆ ಇಂದಿನ ಹೆಚ್ಚಿನ ಶಿಕ್ಷೆ ಹೇರುವುದನ್ನು ಸಂವಿಧಾನದ 20ನೇ ವಿಧಿ ತಡೆಯುತ್ತದೆ.

ತಂತಿಯ ವಿಷಯದಲ್ಲಿ ವಕೀಲರು ಇವತ್ತಿಗೂ ಎತ್ತಿಕೊಳ್ಳುವ ತೀರ್ಪು 1963ರದ್ದು, ಚೆರುಬಿನ್ ಗ್ರೆಗರಿ ವಿರುದ್ಧ ಬಿಹಾರ ಸರ್ಕಾರ. ಪಕ್ಕದ ಮನೆಯ ಪಾಯಿಖಾನೆಯ ಗೋಡೆ ಬಿದ್ದಿತ್ತು. ಆ ಮನೆಯವರು ಆರೋಪಿಯ ಪಾಯಿಖಾನೆಗೆ ಬರತೊಡಗಿದರು. ಬೇಡವೆಂದರೂ ಕೇಳಲಿಲ್ಲ. ಅವನು ದಾರಿಯಲ್ಲಿ ಬೋಳು ತಾಮ್ರದ ತಂತಿ ಎಳೆದು ಕರೆಂಟು ಬಿಟ್ಟ. ಎಚ್ಚರಿಕೆಯ ದೀಪವಾಗಲಿ ಗುರುತಾಗಲಿ ಇಡಲಿಲ್ಲ. ಒಬ್ಬ ಹೆಣ್ಣುಮಗಳು ಸತ್ತಳು. ನನ್ನ ಆಸ್ತಿ ಕಾಯುವ ಹಕ್ಕು ನನಗಿದೆ ಎಂದು ಅವನು ಸುಪ್ರೀಂ ಕೋರ್ಟಿನ ತನಕ ವಾದಿಸಿದ. ಅಪ್ಪಣೆಯಿಲ್ಲದೆ ಒಳಗೆ ಬಂದ ಮಾತ್ರಕ್ಕೆ ಯಾರೂ ಕಾನೂನಿನ ರಕ್ಷಣೆ ಕಳೆದುಕೊಳ್ಳುವುದಿಲ್ಲ, ಕಣ್ಣಿಗೆ ಕಾಣದ ಬಲೆಯೊಡ್ಡಿ ಗಾಯಗೊಳಿಸುವ ಹಕ್ಕು ಜಾಗದ ಮಾಲೀಕನಿಗಿಲ್ಲ ಎಂದು ಕೋರ್ಟು 304-ಎ ಅಡಿಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಲ್ಲಿ ತಂತಿ ಕಟ್ಟಿದ್ದೇ ಮನುಷ್ಯರಿಗೆ. ಹಂದಿಗೆ ಕಟ್ಟಿದವನು ‘ನಾನು ಅವನಿಗಿಂತ ಹೆಚ್ಚಿನ ತಪ್ಪು ಮಾಡಿಲ್ಲ’ ಎನ್ನಬಹುದು. ಆರೋಪಿ ಪರ ವಕೀಲರು ಈ ತೀರ್ಪನ್ನು ಹಿಡಿದು 105 ಬಿಡಿಸಲು ನೋಡುವುದು ಅದಕ್ಕೇ.

ಸರ್ಕಾರಿ ವಕೀಲರ ಬತ್ತಳಿಕೆಯಲ್ಲೂ ಬಾಣಗಳಿವೆ. ಮುಂಬೈಯ ಕಾರ್ಟರ್ ರಸ್ತೆಯಲ್ಲಿ 2006ರಲ್ಲಿ ಕುಡಿದು ಕಾರು ಓಡಿಸಿ, ಪಾದಚಾರಿ ಮಾರ್ಗದಲ್ಲಿ ಮಲಗಿದ್ದ 7 ಜನರ ಸಾವಿಗೆ ಕಾರಣನಾದ ಯುವಕನಿಗೆ ಕೊಲ್ಲುವ ಉದ್ದೇಶ ಇರಲಿಲ್ಲ. ಆದರೂ 2012ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ‘ಅರಿವು’ ಇತ್ತೆಂದು 304ರ ಎರಡನೇ ಭಾಗವನ್ನೇ ಉಳಿಸಿತು. ಭೋಪಾಲ್ ಅನಿಲ ದುರಂತದಲ್ಲಿ ತದ್ವಿರುದ್ಧ: 1996ರಲ್ಲಿ ಅದೇ ಕೋರ್ಟು 304ರ ಆರೋಪವನ್ನು 304-ಎಗೆ ಇಳಿಸಿತು, 2010ರಲ್ಲಿ ಬಂದ ಶಿಕ್ಷೆ 2 ವರ್ಷ. ಸಾವಿರಾರು ಜನ ಸತ್ತ ಕೇಸು ಸಣ್ಣ ಕಲಮಿಗೂ, ಏಳು ಜನ ಸತ್ತ ಕೇಸು ದೊಡ್ಡ ಕಲಮಿಗೂ ಹೋದದ್ದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಹೀಗಾಗಿ ಹೊಲದ ಕೇಸಿನಲ್ಲಿ ಎಲ್ಲವೂ ಸಣ್ಣ ಸಂಗತಿಗಳ ಮೇಲೆ ನಿಲ್ಲುತ್ತದೆ. ತಂತಿ ಇದ್ದದ್ದು ಬೆಳೆಯ ನಡುವೆಯೋ, ಬದುವಿನ ಮೇಲೋ? ಆ ಬದು ಹತ್ತು ಮನೆಯವರು ತಿರುಗಾಡುವ ಕಾಲುದಾರಿಯೋ? ಬೆಳಗಿನ ಜಾವ ಹೆಂಗಸರು ಬಯಲಿಗೆ ಹೋಗುವ ಕಡೆಯೋ? ನಸುಕಿಗೆ ಮೊದಲು ಕರೆಂಟು ತೆಗೆಯುವ ರೂಢಿ ಇತ್ತೋ? ಇಲ್ಲಿ ಆರೋಪಿಗೆ ಒಂದು ಇಕ್ಕಟ್ಟಿದೆ. “ನಾನು ಅಕ್ಕಪಕ್ಕದವರಿಗೆಲ್ಲ ಹೇಳಿದ್ದೆ” ಎಂದರೆ ಅವನು ಎಚ್ಚರ ವಹಿಸಿದ್ದ ಎಂದಾಗುತ್ತದೆ. ಅದೇ ಮಾತು, ಅಲ್ಲಿ ಜನ ಬರುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೂ ಸಾಕ್ಷಿ. ಹೇಳಿರಲಿಲ್ಲ ಎಂದರೆ ನಿರ್ಲಕ್ಷ್ಯ ಖಚಿತ. ಯಾವ ದಾರಿ ಹಿಡಿಯಬೇಕೆಂಬುದನ್ನು ವಕೀಲರು ಕಡತ ಓದಿದ ಮೇಲೆ ನಿರ್ಧರಿಸಬೇಕು. ಠಾಣೆಯ ಬೆಂಚಿನ ಮೇಲೆ ಕೂತು ಊರ ಹಿರಿಯರು ನಿರ್ಧರಿಸುವುದಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗುವುದಿಲ್ಲ, ಆದರೆ ಅದರ ಜಾಡು ಹಿಡಿದು ಸಿಕ್ಕ ತಂತಿ, ಗೂಟ ಸಾಕ್ಷ್ಯವಾಗುತ್ತವೆ.

ಇನ್ನೊಂದು ಪ್ರಶ್ನೆ ಪಹಣಿಯದು. ಪಹಣಿಯಲ್ಲಿ ಅಣ್ಣನ ಹೆಸರು, ಉಳುವವನು ತಮ್ಮ, ಅಥವಾ ಹೊಲ ಪಾಲಿಗೆ ಕೊಟ್ಟಿದೆ. ಕೇಸು ಬೀಳುವುದು ಪಹಣಿಯ ಹೆಸರಿನ ಮೇಲೆ. ಕ್ರಿಮಿನಲ್ ಹೊಣೆ ಮಾತ್ರ ತಂತಿ ಕಟ್ಟಿದವನದು, ಕಟ್ಟಿಸಿದವನದು. ಹೊಲದ ಒಡೆಯನೆಂಬ ಒಂದೇ ಕಾರಣಕ್ಕೆ ಆರೋಪಿಯಾದವನಿಗೆ ಇದೇ ಗಟ್ಟಿ ಪ್ರತಿವಾದ.

ಸೆಷನ್ಸ್ ಕೋರ್ಟಿನಲ್ಲಿ ಆರೋಪ ನಿಗದಿ ಮಾಡುವ ದಿನವೇ ಅರ್ಧ ಯುದ್ಧ. ದೋಷಾರೋಪ ಪಟ್ಟಿಯಲ್ಲಿರುವುದನ್ನೆಲ್ಲ ಒಪ್ಪಿದರೂ 105 ಆಗುವುದಿಲ್ಲ ಎಂದು ಅಂದೇ ವಾದಿಸಿ, ಕೇಸು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಮರಳುವಂತೆ ಕೇಳಬಹುದು. ಎಷ್ಟೋ ಕಡೆ ಆ ದಿನ “ಅಪರಾಧ ಒಪ್ಪುತ್ತೀರಾ?” “ಇಲ್ಲ” ಎಂಬಷ್ಟಕ್ಕೆ ಮುಗಿದುಹೋಗುತ್ತದೆ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು. ಸೆಷನ್ಸ್ ಕೋರ್ಟಿನ ತೀರ್ಪಿನ ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ.

ಬದುವಿನ ಜಗಳದಲ್ಲಿ ಆಗುವ ಸಾವು ಇದಕ್ಕಿಂತ ಬೇರೆ. ಅಲ್ಲಿ ಹೊಡೆಯುವ ಉದ್ದೇಶವಂತೂ ಇದ್ದೇ ಇರುತ್ತದೆ. ಕೊಲೆಯೋ, ದಿಢೀರ್ ಜಗಳದ ನರಹತ್ಯೆಯೋ ಎಂಬುದೇ ಪ್ರಶ್ನೆ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರು ಸುಪ್ರೀಂ ಕೋರ್ಟಿನಲ್ಲಿ 2006ರಲ್ಲಿ ಬರೆದ ಪುಲಿಚೆರ್ಲ ನಾಗರಾಜು ತೀರ್ಪು ನೋಡಬೇಕಾದ್ದನ್ನು ಹೇಳಿದೆ: ಆಯುಧ ಮನೆಯಿಂದ ತಂದದ್ದೋ ಅಲ್ಲೇ ಕೈಗೆ ಸಿಕ್ಕಿದ್ದೋ, ಪೆಟ್ಟು ಬಿದ್ದದ್ದು ಮರ್ಮಸ್ಥಾನಕ್ಕೋ, ಹಳೇ ದ್ವೇಷ ಇತ್ತೋ. ಕಳೆ ಕೀಳುತ್ತಿದ್ದವನ ಕೈಯಲ್ಲಿ ಕುಡಗೋಲು ಮೊದಲೇ ಇತ್ತು ಎಂಬುದು ಇಂಥ ಕಡೆ ತೂಕ ಪಡೆಯುತ್ತದೆ.

ತಂತಿ ಕೇಸನ್ನು ಆರೋಪಿಯ ಕೈಯಾರೆ ಕೆಡಿಸುವುದು ಗಾಬರಿ. ಬೆಳಗಾಗುವುದರೊಳಗೆ ತಂತಿ ಸುತ್ತಿಡುತ್ತಾರೆ, ಗೂಟ ಕೀಳುತ್ತಾರೆ, ಕೆಲವರು ಶವವನ್ನೇ ಹಳ್ಳಕ್ಕೆ ಸಾಗಿಸುತ್ತಾರೆ. ಸಾಕ್ಷ್ಯನಾಶ ಪ್ರತ್ಯೇಕ ಅಪರಾಧ, ನ್ಯಾಯ ಸಂಹಿತೆಯ 238. ಅದಕ್ಕಿಂತ ಹೆಚ್ಚಾಗಿ, ‘ಹಂದಿಗೆ ಕಟ್ಟಿದ್ದು’ ಎಂಬ ಮಾತಿಗೆ ಇದ್ದ ಬೆಲೆಯೂ ಹೋಗುತ್ತದೆ. ಮರಣೋತ್ತರ ಪರೀಕ್ಷೆಯಲ್ಲಿ ಚರ್ಮದ ಮೇಲಿನ ಕರೆಂಟಿನ ಸುಟ್ಟ ಗುರುತು ಸಾಮಾನ್ಯವಾಗಿ ಸಿಗುತ್ತದೆ. ವಿದ್ಯುತ್ ಪರಿವೀಕ್ಷಕರು ಟಿಸಿಯಿಂದ ಸ್ಟಾರ್ಟರ್ ಪೆಟ್ಟಿಗೆಯ ತನಕ ನೋಡಿ ವರದಿ ಕೊಡುತ್ತಾರೆ. ಕಂಬದಿಂದ ನೇರ ಹುಕ್ಕು ಹಾಕಿದ್ದರೆ ಜೆಸ್ಕಾಂನ ಕಳ್ಳತನದ ಕೇಸು ಬೇರೆ. ಅದೇ ತಂತಿಗೆ ಕರಡಿ ಸತ್ತಿದ್ದರೆ ಅರಣ್ಯ ಇಲಾಖೆಯ ಕೇಸು ಇನ್ನೊಂದು.

ಊರಲ್ಲಿ ರಾಜಿ ಆಗುತ್ತದೆ. ಸತ್ತವನ ಹೆಂಡತಿಗೆ ಒಂದಿಷ್ಟು ದುಡ್ಡು, ಒಮ್ಮೊಮ್ಮೆ ಅರ್ಧ ಎಕರೆ. ಆದರೆ 105 ಆಗಲಿ 106 ಆಗಲಿ ರಾಜಿಗೆ ಅವಕಾಶವಿರುವ ಅಪರಾಧಗಳ ಪಟ್ಟಿಯಲ್ಲಿಲ್ಲ. ಕೊಟ್ಟ ಪರಿಹಾರವನ್ನು ಶಿಕ್ಷೆ ನಿಗದಿ ಮಾಡುವಾಗ ಕೋರ್ಟು ಗಮನಿಸಬಹುದು, ಅಷ್ಟೇ. ಆ ಹೆಣ್ಣುಮಗಳು ದುಡ್ಡು ತೆಗೆದುಕೊಂಡ ಮೇಲೂ ಸಾಕ್ಷಿಯಾಗಿ ಸಮನ್ಸ್ ಪಡೆಯುತ್ತಾಳೆ, ಹೊಲದ ಕೂಲಿ ಬಿಟ್ಟು ಕೋರ್ಟಿಗೆ ಹೋಗುತ್ತಾಳೆ. ಊರವರು ರಾಜಿಯ ದಿನ ಅವಳಿಗೆ ಅದನ್ನು ಹೇಳಿರುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಸಂತ್ರಸ್ತರ ಪರಿಹಾರ ಕೇಳುವ ಹಕ್ಕು ಅವಳಿಗಿದೆ ಎಂಬುದನ್ನೂ ಯಾರೂ ಹೇಳಿರುವುದಿಲ್ಲ.