ಬಿತ್ತನೆಯ ಬೀಜ ಯಾರ ಕೈಯಲ್ಲಿ?

ಶ್ರವಣಬೆಳಗೊಳದ ಚರಿತ್ರೆಯು ಕ್ಷಾಮದಿಂದಲೇ ಆರಂಭವಾಗುವುದು. ಉತ್ತರದೇಶದಲ್ಲಿ ಹನ್ನೆರಡು ವರ್ಷಗಳ ಬರಗಾಲ ಬರುವುದೆಂದು ಭದ್ರಬಾಹು ಸ್ವಾಮಿಗಳು ನುಡಿದುದನ್ನೂ, ಜೈನಸಂಘವು ದಕ್ಷಿಣಾಪಥಕ್ಕೆ ಹೊರಟುದನ್ನೂ ಚಿಕ್ಕಬೆಟ್ಟದ ಪುರಾತನ ಶಾಸನವು ಹೇಳುತ್ತಿದೆ. ಅನ್ನವಿದ್ದೆಡೆಗೆ ಜನರು ನಡೆದುಬಂದ ಆ ಸೀಮೆಯಲ್ಲಿಯೇ ಇಂದು ಬೆಳೆಯುವ ರೈತನು ಬೀಜಕ್ಕಾಗಿ ಪರರ ಬಾಗಿಲನ್ನು ಕಾಯಬೇಕಾಗಿದೆ.

ಹಾಸನ ಜಿಲ್ಲೆಯ ಆಲೂಗಡ್ಡೆಯ ಸ್ಥಿತಿಯನ್ನೇ ನೋಡಿರಿ. ಬಿತ್ತನೆಯ ಗೆಡ್ಡೆಯು ಬಹುಪಾಲು ಪಂಜಾಬಿನ ಜಲಂಧರದಿಂದ ಬರಬೇಕು. ಬಹುಕಾಲದಿಂದ ಹೆಚ್ಚಾಗಿ ಬಿತ್ತುತ್ತ ಬಂದುದು ಕುಫ್ರಿ ಜ್ಯೋತಿಯೆಂಬ ಒಂದೇ ತಳಿ. ಮುಂಗಾರಿನ ಮೋಡ ಮುಸುಕಿ ತಂಪು ಹಿಡಿಯಿತೆಂದರೆ ಅಂಗಮಾರಿ ರೋಗವು ಕೆಲವೇ ದಿನಗಳಲ್ಲಿ ಹೊಲವನ್ನು ಸುಟ್ಟಂತೆ ಮಾಡುವುದು. ಸಾಲದ ಬೀಜವೂ ಹೋಯಿತು, ಔಷಧದ ಹಣವೂ ಹೋಯಿತು. ಐರ್ಲೆಂಡಿನಲ್ಲಿ 1845ರಲ್ಲಿ ತೊಡಗಿ ಸುಮಾರು ಹತ್ತು ಲಕ್ಷ ಜನರನ್ನು ಬಲಿಗೊಂಡ ಕ್ಷಾಮಕ್ಕೆ ಮೂಲವೂ ಇದೇ ರೋಗ. ಆದರೆ ಆಗಲೂ ಆ ದ್ವೀಪದ ರೇವುಗಳಿಂದ ಧಾನ್ಯವು ಹಡಗೇರಿ ಹೊರಹೋಗುತ್ತಲೇ ಇತ್ತು. ರೋಗವು ಬೆಳೆಯನ್ನು ಕೊಂದಿತು; ಜನರನ್ನು ಕೊಂದುದು ರಾಜ್ಯನೀತಿ.

ಕುಲಾಂತರಿ ತಳಿಯೇ ಇದಕ್ಕೆ ಪರಿಹಾರವೆಂದು ಕೆಲವರು ಹೇಳುತ್ತಿರುವರು. ಮೆಕ್ಸಿಕೋ ದೇಶದ ಕಾಡು ಆಲೂಗಡ್ಡೆಯೊಂದರ ರೋಗನಿರೋಧಕ ವಂಶವಾಹಿಯನ್ನು ಶಿಮ್ಲಾದ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ಕುಫ್ರಿ ಜ್ಯೋತಿಯಲ್ಲಿ ಸೇರಿಸಿ ನೋಡಿರುವುದೂ ನಿಜ. ನಾವು ವಿದ್ಯೆಯ ವಿರೋಧಿಗಳಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ನಾಡು ಅವರನ್ನು ಹರಸಿತು. ಆ ಬೀಜವನ್ನು ರೈತನು ತನ್ನ ಕಣದಿಂದಲೇ ಎತ್ತಿಟ್ಟು ಮರುವರ್ಷ ಬಿತ್ತಬಹುದಾಗಿತ್ತು. 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಯ ಸಂಗತಿ ಬೇರೆ. ಎತ್ತಿಟ್ಟು ಬಿತ್ತಿದರೆ ಇಳುವರಿ ಇಳಿಯುವುದರಿಂದ ವರ್ಷವರ್ಷವೂ ಬೀಜವನ್ನು ಕೊಳ್ಳಬೇಕಾಯಿತು. ಗುಲಾಬಿ ಕಾಯಿಕೊರಕವಾದರೋ ಕಾಲಕ್ರಮದಲ್ಲಿ ಅದರ ವಿಷವನ್ನೇ ಜೀರ್ಣಿಸಿಕೊಂಡಿತು. ಬೆಂಗಳೂರೇ ಮೊದಲಾದ ನಗರಗಳಲ್ಲಿ ಜನರ ಅಹವಾಲನ್ನು ಕೇಳಿ, 2010ರ ಫೆಬ್ರವರಿ 9ರಂದು ಕೇಂದ್ರ ಸರಕಾರವು ಬಿಟಿ ಬದನೆಯನ್ನು ತಡೆದುದು ಯುಕ್ತವೇ ಆಗಿದ್ದಿತು.

ಆದುದರಿಂದ ನಾವು ಸರಕಾರವನ್ನು ಕೇಳುವುದಿಷ್ಟೆ: ಹೊಸ ತಳಿಯು ಸಾರ್ವಜನಿಕ ಸಂಸ್ಥೆಯಲ್ಲಿಯೇ ಹುಟ್ಟಲಿ, ಅದರ ಪರೀಕ್ಷೆಯ ಫಲವು ರೈತನು ಓದಬಲ್ಲ ಕನ್ನಡದಲ್ಲಿ ಪ್ರಕಟವಾಗಲಿ, ಬೀಜವನ್ನು ಕಾದಿರಿಸಿ ಬಿತ್ತಲು 2001ರ ಕಾಯಿದೆಯು ಕೊಟ್ಟಿರುವ ಹಕ್ಕಿಗೆ ಭಂಗ ಬಾರದಿರಲಿ. ಅಲ್ಲಿಯವರೆಗೆ ಕೈಕಟ್ಟಿ ಕುಳಿತಿರದೆ, ರೋಗರಹಿತವಾದ ಬಿತ್ತನೆಗೆಡ್ಡೆಯನ್ನು ಹಾಸನದಲ್ಲಿಯೇ ಬೆಳೆಸುವ ಕಾರ್ಯಕ್ಕೆ ಧಾರಾಳವಾಗಿ ಹಣವೊದಗಲಿ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಸಾರಿದ ಕ್ಷೇತ್ರವಿದು. ಶಾಸ್ತ್ರವು ದಾನವಾಗಿ ಬಂದರೆ ಆಹಾರವೂ ಅಭಯವೂ ಅದರ ಹಿಂದೆ ಬರುವುವು. ಸರಕಾಗಿ ಬಂದರೆ ರೈತನ ಮನೆಗೆ ಬರುವುದು ಸಾಲವೊಂದೇ.