ಟಿಡಿಎಸ್ ಮೀಟರಿಗೆ ಆರ್ಸೆನಿಕ್ ಕಾಣುವುದಿಲ್ಲ

ಪೆನ್ನಿನಂಥ ಮೀಟರೊಂದನ್ನು ಲೋಟಕ್ಕೆ ಅದ್ದಿ, 'ಟಿಡಿಎಸ್ 300 ಇದೆ, ಧೈರ್ಯವಾಗಿ ಕುಡೀರಿ' ಎನ್ನುವವರು ಈಗ ಊರೂರಿಗೂ ಇದ್ದಾರೆ. ಉಳಿದ ಕಡೆ ಇದು ಅರೆಬರೆ ತಿಳಿವಳಿಕೆಯ ಮಾತು. ಚಿನ್ನದ ಗಣಿಯ ಮಗ್ಗುಲಲ್ಲಿರುವ ಊರುಗಳಲ್ಲಿ ಇದೇ ಮಾತು ಜೀವಕ್ಕೆ ಎರವಾಗುತ್ತದೆ.

ಆ ಮೀಟರು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನಷ್ಟೇ. ಅದನ್ನೊಂದು ಅಂದಾಜು ಸಂಖ್ಯೆಯಿಂದ ಗುಣಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂದು ತೋರಿಸುತ್ತದೆ, ಆ ಅಂಕಿಯೇ ಟಿಡಿಎಸ್. ಕರಗಿರುವುದು ಏನು ಎಂದು ಅದು ಹೇಳಲಾರದು. ಮೂಟೆಯನ್ನು ತೂಗಿದ ಮಾತ್ರಕ್ಕೆ ಒಳಗಿರುವುದು ಅಕ್ಕಿಯೋ ಕಲ್ಲೋ ಗೊತ್ತಾಗುತ್ತದೆಯೇ?

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ ಕಿರದಳ್ಳಿ ತಾಂಡಾ ಇದೆ. ಅದರ ಆಸುಪಾಸಿನದು ಹಳೆಯ ಚಿನ್ನದ ಗಣಿಗಾರಿಕೆಯ ನೆಲ. ಭೂವಿಜ್ಞಾನಿಗಳು ಇದನ್ನು ಮಂಗಳೂರು ಶಿಲಾಪಟ್ಟಿ ಎನ್ನುತ್ತಾರೆ, ಇದು ಕರಾವಳಿಯ ಮಂಗಳೂರಲ್ಲ. ಆ ಭಾಗದ 59 ಕೊಳವೆಬಾವಿಗಳ ನೀರಿನ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಶೇ 79ರಷ್ಟು ಮಾದರಿಗಳಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿತ್ತು. ಅತಿ ಹೆಚ್ಚು ಸಿಕ್ಕಿದ್ದು 0.303 ಮಿಲಿಗ್ರಾಂ, ಮಿತಿಯ ಮೂವತ್ತು ಪಟ್ಟು. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇ 58.6 ಮಂದಿಯ ಚರ್ಮದ ಮೇಲೆ ಆರ್ಸೆನಿಕ್ ವಿಷದ ಗುರುತುಗಳಿದ್ದವು. ಟಿಡಿಎಸ್ ಮೀಟರಿನ ಅತಿ ಸಣ್ಣ ಹೆಜ್ಜೆಯೇ 1 ಮಿಲಿಗ್ರಾಂ. ಇಷ್ಟೊಂದು ಜನರ ಮೈ ಕೆಡಿಸಿದ ವಿಷಕ್ಕೆ ಅದರ ಪರದೆಯ ಮೇಲಿನ ಅಂಕಿ ಒಂದು ಹೆಜ್ಜೆಯೂ ಕದಲುವುದಿಲ್ಲ! ಆದರೂ ನಾವು ಆ ಅಂಕಿಯನ್ನೇ ನಂಬುತ್ತೇವೆ.

ಚಿನ್ನದ ಅದಿರಿನ ಜೊತೆಗೆ ಆರ್ಸೆನಿಕ್ ಇರುವ ಗಂಧಕದ ಖನಿಜವೂ ಹಲವು ಕಡೆ ಬೆರೆತಿರುತ್ತದೆ. ಬಂಡೆಯನ್ನು ಪುಡಿಮಾಡಿ ರಾಶಿ ಹಾಕಿದಾಗ ಗಾಳಿ, ಮಳೆ ತಾಗಿ ಆರ್ಸೆನಿಕ್ ಬಿಡಿಸಿಕೊಂಡು ನೆಲಕ್ಕಿಳಿಯುತ್ತದೆ. ಹಾಗಾಗಿ ನಿಗಾ ಇಡಬೇಕಾದ ರೀತಿಯೇ ಬೇರೆ. ಅಂತರ್ಜಲ ಗಣಿಯತ್ತ ಹರಿದುಬರುವ ಕಡೆ ಒಂದು ಬಾವಿ, ಗಣಿಯನ್ನು ದಾಟಿ ಹೋಗುವ ಕಡೆ ಕೆಲವು ಬಾವಿ ಗೊತ್ತುಮಾಡಿಕೊಂಡು, ಮಳೆಗಾಲಕ್ಕೆ ಮುಂಚೆ ಮತ್ತು ಆಮೇಲೆ, ವರ್ಷ ವರ್ಷವೂ ಅವೇ ಬಾವಿಗಳ ನೀರು ತೆಗೆಯಬೇಕು. ನಿಂತ ನೀರನ್ನು ಮೊದಲು ಪಂಪ್ ಮಾಡಿ ಚೆಲ್ಲಬೇಕು. ಲೋಹದ ಪರೀಕ್ಷೆಯ ಬಾಟಲಿಗೆ ನೈಟ್ರಿಕ್ ಆಮ್ಲ ಸೇರಿಸಬೇಕು. ಇಲ್ಲವಾದರೆ ನೀರಿನ ಕಬ್ಬಿಣ ತಳಕ್ಕೆ ಕೂರುವಾಗ ಆರ್ಸೆನಿಕ್ಕನ್ನೂ ಎಳೆದುಕೊಳ್ಳುತ್ತದೆ, ಪ್ರಯೋಗಾಲಯದ ವರದಿ ಸುಳ್ಳು ಹೇಳುತ್ತದೆ. ಒಂದೇ ಬಾವಿಯಲ್ಲಿ ಸಲ್ಫೇಟ್ ಏರುತ್ತಾ, ಪಿಎಚ್ ಇಳಿಯುತ್ತಾ ಹೋದರೆ ಅದು ಆ ಗಂಧಕದ ಖನಿಜ ಒಡೆಯುತ್ತಿದೆ ಎಂಬ ಮುನ್ಸೂಚನೆ. ವಿದ್ಯುತ್ ವಾಹಕತೆಗೂ ಇಲ್ಲಿ ಬೆಲೆಯಿದೆ, ಅದೇ ಬಾವಿಯ ಹಿಂದಿನ ಅಂಕಿಯೊಂದಿಗೆ ಹೋಲಿಸಿದಾಗ ಮಾತ್ರ.

ಉಳಿದ ನಂಬಿಕೆಗಳೂ ಇವೆ. ತಿಳಿನೀರು ಒಳ್ಳೆಯದಂತೆ. ಆದರೆ ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಸಾಕಂತೆ. ಕುದಿಸಿದಾಗ ನೀರು ಆವಿಯಾಗಿ ವಿಷ ಇನ್ನಷ್ಟು ಗಾಢವಾಗುತ್ತದೆ. ಗಣಿ ಮುಚ್ಚಿದರೆ ಅಪಾಯ ತಪ್ಪಿತಂತೆ. ಗಣಿ ಮುಚ್ಚಿದ ಮೇಲೂ ರಾಶಿಗಳು ಅಲ್ಲೇ ಇರುತ್ತವೆ. 2001ರಲ್ಲಿ ಮುಚ್ಚಿದ ಕೆಜಿಎಫ್‌ನ ದಿಬ್ಬಗಳಿಗೆ ಜನ ಸಯನೈಡ್ ಗುಡ್ಡ ಎನ್ನುತ್ತಾರೆ. ಚಿನ್ನ ಬೇರ್ಪಡಿಸಲು ಬಳಸಿದ ಸಯನೈಡ್ ಬಿಸಿಲು ಗಾಳಿಗೆ ಬಹುಪಾಲು ಒಡೆದುಹೋಗುತ್ತದೆ, ಅದಿರಿನ ಲೋಹಗಳು ಹಾಗೆ ಹೋಗುವುದಿಲ್ಲ.

ಇದಕ್ಕಿಂತ ಸಂಕಟದ ಸಂಗತಿ, ಕಣ್ಣಿಗೆ ಕಂಡದ್ದೆಲ್ಲ ವಿಜ್ಞಾನ ಎಂದು ಒಪ್ಪಿಕೊಳ್ಳುವ ನಮ್ಮ ಅಭ್ಯಾಸ. ನೀರು ಶುದ್ಧೀಕರಣ ಯಂತ್ರದ ಮಾರಾಟಗಾರ ಎರಡು ಲೋಟಗಳಿಗೆ ಕರೆಂಟು ಹಾಯಿಸಿ ಬಾವಿಯ ನೀರನ್ನು ಕೆಸರಾಗಿಸಿ ತೋರಿಸಿದರೆ ಓದಿದವರೂ ಬೆಚ್ಚಿಬೀಳುತ್ತಾರೆ. ಆ ಕೆಸರು ಬಹುಮಟ್ಟಿಗೆ ಅವನದೇ ಕಬ್ಬಿಣದ ಕಡ್ಡಿ ಕರಗಿ ಆದದ್ದು. ಕಾಣುವ ಕೆಸರಿಗೆ ಹೆದರಿ ಸಾವಿರಾರು ರೂಪಾಯಿ ಕೊಡುವವರು ಕಾಣದ ವಿಷದ ಒಂದು ಪರೀಕ್ಷೆಯನ್ನು ಕೇಳುವುದಿಲ್ಲ.

ಗಣಿಯ ಹತ್ತಿರದವರು ಮುಂದಿನ ಗ್ರಾಮಸಭೆಯಲ್ಲಿ ನೀರಿನ ವರದಿ ಕೇಳಿ ಪಡೆಯಿರಿ. ಅದರಲ್ಲಿ ಆರ್ಸೆನಿಕ್ ಎಂಬ ಸಾಲೇ ಇಲ್ಲದಿದ್ದರೆ ಒಪ್ಪಿಕೊಳ್ಳಬೇಡಿ, ಮತ್ತೆ ಪರೀಕ್ಷೆ ಮಾಡಿಸಿ.