ಅಟ್ಟದ ಮೇಲಿನ ಗಣಕಯಂತ್ರ: ಹಾರ್ಡ್ ಡಿಸ್ಕಿನ ಬಾಗಿಲುಗಳ ಪರಿಚಯ

ವಚನ ಪಿತಾಮಹರೆಂದು ನಾಡು ಗೌರವಿಸುವ ಡಾ. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಉಳಿದಿದ್ದ ತಾಳೆಗರಿಯ ಕಟ್ಟುಗಳನ್ನು ಹುಡುಕಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದ ಸಂಗತಿ ನಮ್ಮ ಓದುಗರಿಗೆ ಹೊಸದಲ್ಲ. ಆ ಗರಿಗಳಿಗೆ ಒಂದು ಅನುಕೂಲವಿತ್ತು. ದಾರ ಬಿಚ್ಚಿದರೆ ಸಾಕು, ಹಳೆಯ ಬರಹ ಬಲ್ಲವರ ಕಣ್ಣಿಗೆ ಅಕ್ಷರಗಳು ಕಾಣುತ್ತಿದ್ದವು. ನಡುವೆ ಯಂತ್ರದ ಹಂಗಿರಲಿಲ್ಲ. ಇಂದು ಹಾಗಲ್ಲ. ಹಿರಿಯರು ಬೆರಳಚ್ಚು ಮಾಡಿಟ್ಟ ವಚನಗಳ ಟಿಪ್ಪಣಿ, ಮನೆತನದ ವಂಶಾವಳಿ, ಮದುವೆಯ ಛಾಯಾಚಿತ್ರಗಳು, ದಾಸೋಹದ ಲೆಕ್ಕ ಎಲ್ಲವೂ ಎಷ್ಟೋ ಮನೆಗಳಲ್ಲಿ ಒಂದು ಕಬ್ಬಿಣದ ಪೆಟ್ಟಿಗೆಯೊಳಗಿವೆ. ಅದರ ಬಾಗಿಲು ಯಾವುದೆಂದು ತಿಳಿಯದಿದ್ದರೆ ಒಳಗಿನದು ಇದ್ದೂ ಇಲ್ಲದಂತೆಯೇ.

ಈ ಮಾತನ್ನು ನಾನು ಸುಮ್ಮನೆ ಆಡುತ್ತಿಲ್ಲ. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ನಿವೃತ್ತ ಶಿಕ್ಷಕರಾಗಿದ್ದ ಹಿರಿಯರು ಲಿಂಗೈಕ್ಯರಾದರು. ಅವರು ಎಂಟು ಹತ್ತು ವರ್ಷಗಳ ಕಾಲ ಪ್ರತಿದಿನ ಪೂಜೆ ಮುಗಿಸಿ ಗಣಕಯಂತ್ರದ ಮುಂದೆ ಕುಳಿತು ವಚನಗಳಿಗೆ ಅರ್ಥ ಬರೆಯುತ್ತಿದ್ದರು. ಯಂತ್ರವು ಅಟ್ಟ ಸೇರಿ ಬಹಳ ಕಾಲವಾಗಿತ್ತು. ಮೊಮ್ಮಗನು ಅದರ ಡಿಸ್ಕನ್ನು ಬಿಚ್ಚಿ ಅಂಗಡಿಗೆ ಒಯ್ದನು. ಅಂಗಡಿಯವರು ಏನೋ ಒಂದು ತಂತಿ ಜೋಡಿಸಿ ನೋಡಿ, “ಡಿಸ್ಕು ಸತ್ತಿದೆ, ಇನ್ನು ಎಸೆಯಬಹುದು” ಎಂದರು. ಅಜ್ಜಿಯವರು ಮಾತ್ರ ಎಸೆಯಲು ಬಿಡಲಿಲ್ಲ. ಅದನ್ನು ಒಂದು ವಸ್ತ್ರದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಅವರು ಇಟ್ಟದ್ದೇ ಒಳ್ಳೆಯದಾಯಿತು. ಡಿಸ್ಕು ಸತ್ತಿರಲಿಲ್ಲ.

ಹಾರ್ಡ್ ಡಿಸ್ಕಿನ ಮೂಲ ಹಳೆಯದು. 1956ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರಗಳು. 1983ರಲ್ಲಿ ಅದೇ ಸಂಸ್ಥೆಯ ‘ಎಕ್ಸ್‌ಟಿ’ ಗಣಕಯಂತ್ರವು 10 ಮೆಗಾಬೈಟ್ ಡಿಸ್ಕಿನೊಂದಿಗೆ ಮೇಜಿನ ಮೇಲೆ ಬಂದಿತು. ಆ ಕಾಲದಲ್ಲಿ ಡಿಸ್ಕಿಗೆ ಸ್ವಂತ ಬುದ್ಧಿಯಿರಲಿಲ್ಲ. ಅದನ್ನು ನಡೆಸುವ ನಿಯಂತ್ರಕವು ಬೇರೊಂದು ಕಾರ್ಡಿನ ಮೇಲಿದ್ದು, ಎರಡು ಪ್ರತ್ಯೇಕ ಕೇಬಲ್‌ಗಳ ಮೂಲಕ ಡಿಸ್ಕಿಗೆ ಆಜ್ಞೆ ಕೊಡುತ್ತಿತ್ತು.

ಸುಮಾರು 1986ರ ಹೊತ್ತಿಗೆ ಈ ನಿಯಂತ್ರಕವನ್ನು ಡಿಸ್ಕಿನ ಬೆನ್ನಿಗೇ ಅಂಟಿಸುವ ಯೋಜನೆ ರೂಪುಗೊಂಡಿತು. ಅದೇ ಐ.ಡಿ.ಇ. ಮುಂದೆ 1994ರಲ್ಲಿ ಇದಕ್ಕೆ ‘ಎ.ಟಿ.ಎ.’ ಎಂಬ ಹೆಸರಿನಲ್ಲಿ ಅಧಿಕೃತ ಮಾನದಂಡ ದೊರೆಯಿತು. 1990ರ ದಶಕದಲ್ಲಿಯೂ 2000ದ ನಂತರದ ಕೆಲವು ವರ್ಷಗಳಲ್ಲಿಯೂ ನಮ್ಮ ಮನೆಗಳಿಗೆ ಬಂದ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಇದೇ. ಗುರುತಿಸುವುದು ಸುಲಭ. ಡಿಸ್ಕಿನ ಹಿಂಬದಿಯಲ್ಲಿ ಎರಡು ಸಾಲಾಗಿ 40 ಪಿನ್‌ಗಳು. ಅವಕ್ಕೆ ಸೇರುವುದು ಲಾಡಿಯಂತೆ ಅಗಲವಾದ, ಚಪ್ಪಟೆಯಾದ ಕೇಬಲ್. ಪಕ್ಕದಲ್ಲಿ ವಿದ್ಯುತ್ತಿಗಾಗಿ ನಾಲ್ಕು ದಪ್ಪ ಪಿನ್‌ಗಳು: ಹಳದಿ ತಂತಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5 ವೋಲ್ಟ್, ನಡುವೆ ಎರಡು ಕಪ್ಪು ತಂತಿಗಳು. ಮಡಿಲ ಗಣಕ, ಅಂದರೆ ಲ್ಯಾಪ್‌ಟಾಪಿನ ಚಿಕ್ಕ ಡಿಸ್ಕಾದರೆ 44 ಪಿನ್‌ಗಳಿದ್ದು, ವಿದ್ಯುತ್ತೂ ಅವುಗಳಲ್ಲಿಯೇ ಹರಿಯುತ್ತದೆ.

ಒಂದು ಕೇಬಲ್ಲಿಗೆ ಎರಡು ಡಿಸ್ಕುಗಳನ್ನು ಜೋಡಿಸಬಹುದಾಗಿತ್ತು. ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂದು ತಿಳಿಸಲು ಡಿಸ್ಕಿನ ಹಿಂದೆ ‘ಜಂಪರ್’ ಎಂಬ ಗೋಧಿಕಾಳಿನಷ್ಟು ಗಾತ್ರದ ಬಿರಟೆಯನ್ನು ಇಂತಿಂಥ ಪಿನ್‌ಗಳ ಮೇಲೆ ಕೂರಿಸಬೇಕಿತ್ತು. ಮೊದಲನೆಯದಕ್ಕೆ ‘ಮಾಸ್ಟರ್’, ಎರಡನೆಯದಕ್ಕೆ ‘ಸ್ಲೇವ್’ ಎಂದು ಹೆಸರು. ಒಡೆಯ, ಆಳು ಎಂಬ ಈ ಭೇದವು ಶರಣರ ಮಾರ್ಗದಲ್ಲಿ ನಡೆಯುವವರ ಕಿವಿಗೆ ಹಿತವೆನಿಸದು. ವಾಸ್ತವವಾಗಿಯೂ ಇವೆರಡರಲ್ಲಿ ಒಂದು ಇನ್ನೊಂದನ್ನು ಆಳುವುದಿಲ್ಲ. ಮಾನದಂಡದ ಭಾಷೆಯಲ್ಲಿ ಅವು ಸೊನ್ನೆಯ ಸಾಧನ ಮತ್ತು ಒಂದರ ಸಾಧನ, ಅಷ್ಟೆ. ಆದರೆ ಡಿಸ್ಕಿನ ಚೀಟಿಯ ಮೇಲೆ ಅಚ್ಚಾಗಿರುವುದು ಹಳೆಯ ಹೆಸರುಗಳೇ ಆದುದರಿಂದ ಅವನ್ನು ತಿಳಿದಿರಬೇಕು.

ನಮ್ಮ ಬಂಧುಗಳ ಡಿಸ್ಕಿನ ಮರ್ಮ ಇಲ್ಲಿಯೇ ಇತ್ತು. ಅದನ್ನು ಹಿರಿಯರ ಯಂತ್ರಕ್ಕೆ ತಡವಾಗಿ, ಎರಡನೆಯ ಡಿಸ್ಕಾಗಿ ಸೇರಿಸಲಾಗಿತ್ತು. ಜಂಪರ್ ಆ ಸ್ಥಾನದಲ್ಲಿಯೇ ಉಳಿದಿತ್ತು. ಹಳೆಯ ಡಿಸ್ಕನ್ನು ಇಂದಿನ ಯಂತ್ರಕ್ಕೆ ಯು.ಎಸ್.ಬಿ. ಮೂಲಕ ಸೇರಿಸುವ ಅಡಾಪ್ಟರ್‌ಗಳಲ್ಲಿ ಅನೇಕವು ಡಿಸ್ಕು ‘ಮಾಸ್ಟರ್’ ಆಗಿಯೇ ಇರಬೇಕೆಂದು ನಿರೀಕ್ಷಿಸುತ್ತವೆ. ಅಂಗಡಿಯವರು ಚೀಟಿ ಓದಲಿಲ್ಲ. ನಾವು ಚಿಮುಟದಿಂದ ಜಂಪರನ್ನು ಚೀಟಿಯಲ್ಲಿ ತೋರಿಸಿದ ಸ್ಥಾನಕ್ಕೆ ಬದಲಿಸಿದ ಕೂಡಲೇ ಡಿಸ್ಕು ತಿರುಗುವ ಸಣ್ಣ ಸದ್ದಿನೊಂದಿಗೆ ಕಡತಗಳ ಪಟ್ಟಿ ಪರದೆಯ ಮೇಲೆ ಬಂದಿತು. ಕೆಲವು ಡಿಸ್ಕುಗಳು ಒಂಟಿಯಾಗಿದ್ದಾಗ ಜಂಪರನ್ನು ಪೂರ್ತಿ ತೆಗೆಯಬೇಕೆಂದು ಕೇಳುವುದೂ ಉಂಟು. ಆ ಚೀಟಿಯೇ ಪ್ರಮಾಣ.

ಐ.ಡಿ.ಇ.ಯ ಜೊತೆಗೇ ‘ಸ್ಕಸಿ’ ಎಂಬ ಇನ್ನೊಂದು ವ್ಯವಸ್ಥೆಯೂ ಇತ್ತು. 1986ರಲ್ಲಿ ಮಾನದಂಡವಾದ ಇದು ಸರ್ವರ್‌ಗಳಿಗೂ ಆ ಕಾಲದ ಮ್ಯಾಕಿಂಟಾಷ್ ಯಂತ್ರಗಳಿಗೂ ಸಲ್ಲುತ್ತಿತ್ತು. 50 ಅಥವಾ 68 ಪಿನ್‌ಗಳ ಡಿಸ್ಕು ಕೈಗೆ ಬಂದರೆ ಬಲ್ಲವರನ್ನು ಕಾಣುವುದೇ ಲೇಸು.

ಅಗಲವಾದ ಲಾಡಿ ಕೇಬಲ್ ಏಕೆ ಮರೆಯಾಯಿತು? ಅದರಲ್ಲಿ ಮಾಹಿತಿಯು 16 ತಂತಿಗಳಲ್ಲಿ ಏಕಕಾಲಕ್ಕೆ ಹರಿಯುತ್ತಿತ್ತು. ಹದಿನಾರು ಮಂದಿ ಕೈ ಕೈ ಹಿಡಿದು ಒಂದೇ ಸಾಲಿನಲ್ಲಿ ಓಡಿದಂತೆ. ನಿಧಾನವಾಗಿ ನಡೆಯುವವರು ಹಂತಿ ಸೇರುವ ತನಕ ಉಳಿದವರು ಕಾಯಬೇಕು. ವೇಗ ಹೆಚ್ಚಿದಷ್ಟೂ ಒಂದು ತಂತಿಯ ಸಂಕೇತ ಪಕ್ಕದ ತಂತಿಯನ್ನು ಕೆಡಿಸುತ್ತಿತ್ತು. ಅದಕ್ಕಾಗಿ ನಡುನಡುವೆ ರಕ್ಷಣೆಯ ತಂತಿಗಳನ್ನಿಟ್ಟು 80 ತಂತಿಗಳ ಕೇಬಲ್ ಮಾಡಿದರು. ಆದರೂ ಸೆಕೆಂಡಿಗೆ 133 ಮೆಗಾಬೈಟ್‌ಗೆ ಅದರ ಓಟ ನಿಂತಿತು. ಕೇಬಲ್ ಉದ್ದವೂ ಸುಮಾರು 46 ಸೆಂಟಿಮೀಟರ್ ಮೀರುವಂತಿರಲಿಲ್ಲ.

2003ರಿಂದ ಮಾರುಕಟ್ಟೆಗೆ ಬಂದ ‘ಸಾಟಾ’ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿಯಿತು. ಕಳುಹಿಸಲು ಒಂದು ಜೋಡಿ ತಂತಿ, ಪಡೆಯಲು ಒಂದು ಜೋಡಿ, ಮೂರು ಭೂಸಂಪರ್ಕ, ಒಟ್ಟು ಏಳೇ. ಒಬ್ಬರ ಹಿಂದೆ ಒಬ್ಬರು ಓಡಿದರೆ ಪಕ್ಕದವರಿಗಾಗಿ ಕಾಯುವ ಮಾತೇ ಇಲ್ಲ. ತಂತಿ ಕಡಿಮೆಯಾಗಿ ವೇಗ ಹೆಚ್ಚಿದ್ದು ಮೊದಲಿಗೆ ವಿಚಿತ್ರವೆನಿಸಿದರೂ ನಿಜ: 150, ನಂತರ 300, ಕೊನೆಗೆ 600 ಮೆಗಾಬೈಟ್. ಜಂಪರ್ ಕೂರಿಸಿ ಒಂದನೆಯದು ಎರಡನೆಯದು ಎನ್ನುವ ತಾಪತ್ರಯವೂ ತೊಲಗಿತು. ಪ್ರತಿಯೊಂದು ಡಿಸ್ಕಿಗೂ ತನ್ನದೇ ಕೇಬಲ್. ಡಿಸ್ಕಿನ ಅಂಚಿನಲ್ಲಿ ಪಿನ್‌ಗಳಿಗೆ ಬದಲಾಗಿ ಎರಡು ಚಪ್ಪಟೆ ನಾಲಗೆಗಳು ಕಂಡರೆ ಅದು ಸಾಟಾ. ಕಿರಿದು ಮಾಹಿತಿಗೆ, 15 ಸಂಪರ್ಕಗಳ ಉದ್ದನೆಯದು ವಿದ್ಯುತ್ತಿಗೆ.

ಇತ್ತೀಚಿನ ಯಂತ್ರಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ. ಚೂಯಿಂಗ್ ಗಮ್ಮಿನ ಪಟ್ಟಿಯಂಥ ‘ಎಂ.2’ ಹಲಗೆಯು ಮದರ್‌ಬೋರ್ಡಿನಲ್ಲಿ ನೇರವಾಗಿ ಕೂರುತ್ತದೆ. ಇಲ್ಲೊಂದು ಮೋಸವಿದೆ. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಒಳಗಿನ ಭಾಷೆ ಸಾಟಾ ಇರಬಹುದು, ಇಲ್ಲವೇ 2011ರಲ್ಲಿ ಪ್ರಕಟವಾದ ‘ಎನ್.ವಿ.ಎಂ.ಇ.’ ಇರಬಹುದು. ಎರಡನೆಯದು ಸೆಕೆಂಡಿಗೆ ಹಲವು ಸಾವಿರ ಮೆಗಾಬೈಟ್ ಓಡುತ್ತದೆ. ನೋಡಲು ಒಂದೇ ತೆರನಾದರೂ ಒಂದರ ಪೆಟ್ಟಿಗೆಯಲ್ಲಿ ಇನ್ನೊಂದು ಕೆಲಸ ಮಾಡದೆ ಹೋಗಬಹುದು. ಕೊಳ್ಳುವ ಮುನ್ನ ಕೇಳಿ ತಿಳಿಯಿರಿ.

ಇನ್ನು ಹಳೆಯ ಡಿಸ್ಕನ್ನು ತೆರೆಯುವ ಕೆಲಸ. ಐ.ಡಿ.ಇ., ಸಾಟಾ ಎರಡಕ್ಕೂ ಒದಗುವ ಯು.ಎಸ್.ಬಿ. ಅಡಾಪ್ಟರ್‌ಗಳು ಇಂದಿಗೂ ದೊರೆಯುತ್ತವೆ. ಬೇಡಿಕೆ ಕುಗ್ಗುತ್ತಿರುವುದರಿಂದ ಎಂದೆಂದಿಗೂ ದೊರೆಯುತ್ತವೆಂದು ನಂಬಬೇಕಾಗಿಲ್ಲ. ಮೂರೂವರೆ ಅಂಗುಲದ ದೊಡ್ಡ ಡಿಸ್ಕಿಗೆ 12 ವೋಲ್ಟ್ ಬೇಕಾದುದರಿಂದ, ಪ್ರತ್ಯೇಕ ವಿದ್ಯುತ್ ಪೆಟ್ಟಿಗೆಯಿರುವ ಅಡಾಪ್ಟರನ್ನೇ ಕೊಳ್ಳಬೇಕು. ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು ಕೆಲಸಕ್ಕೆ ಕೂರಬೇಕು. ಪಿನ್ ಬಾಗಿದ್ದರೆ ಮೆಲ್ಲನೆ ನೆಟ್ಟಗೆ ಮಾಡಬೇಕು. ವಿದ್ಯುತ್ತಿನ ಕನೆಕ್ಟರನ್ನು ತಲೆಕೆಳಗಾಗಿ ಒತ್ತಿ ತುರುಕಿದರೆ 12 ವೋಲ್ಟ್ ಹರಿಯಬಾರದ ಕಡೆ ಹರಿದು ಡಿಸ್ಕು ಸುಟ್ಟೀತು. ಎಲ್ಲ ಜೋಡಿಸಿದ ಮೇಲೆಯೇ ವಿದ್ಯುತ್ ಕೊಡಬೇಕು.

ಪರದೆಯ ಮೇಲೆ “ಫಾರ್ಮ್ಯಾಟ್ ಮಾಡಲೇ?” ಎಂಬ ಪ್ರಶ್ನೆ ಬಂದರೆ ಬೇಡವೆನ್ನಿರಿ. ಅವಸರದಲ್ಲಿ ಒಪ್ಪಿಗೆ ಒತ್ತಿ ಮನೆತನದ ಬರಹವೆಲ್ಲ ಕಳೆದುಕೊಂಡವರಿದ್ದಾರೆ. ‘ಟಕ್ ಟಕ್’ ಎಂದು ಒಂದೇ ಸಮನೆ ಸದ್ದು ಬಂದರೆ ತಕ್ಷಣ ವಿದ್ಯುತ್ ನಿಲ್ಲಿಸಿ ಮಾಹಿತಿ ಮರಳಿ ತೆಗೆಯುವ ಪರಿಣತರಿಗೆ ಒಪ್ಪಿಸಬೇಕು. ಮುಚ್ಚಳ ತೆರೆದು ನೋಡುವ ಕುತೂಹಲ ಸಲ್ಲದು, ಧೂಳಿನ ಒಂದು ಕಣ ಸಾಕು ತಟ್ಟೆಯನ್ನು ಗೀರಲು.

ಹಿರಿಯರ ಡಿಸ್ಕು ತೆರೆದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಕನ್ನಡವಿರಬೇಕಾದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಯುನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದದ್ದು ಹೀಗೆ ಕಾಣುವುದು ಸಹಜ. ಪರಿವರ್ತಕ ತಂತ್ರಾಂಶದಲ್ಲಿ ಹಾಯಿಸಿದಾಗ ಅಕ್ಷರಗಳು ಸರಿಯಾದವು. ಅಲ್ಲಲ್ಲಿ ಒತ್ತಕ್ಷರಗಳು ಮಾತ್ರ ಕೆಟ್ಟಿದ್ದವು. ಅವನ್ನು ತಿದ್ದುವ ಕೆಲಸವನ್ನು ಮೊಮ್ಮಗನೂ ಅವನ ತಾಯಿಯೂ ಸಂಜೆಯ ಹೊತ್ತು ಹಂಚಿಕೊಂಡಿದ್ದಾರೆ. ಒಂದು ಪ್ರತಿ ಅವರಲ್ಲಿ, ಇನ್ನೊಂದು ಮಗಳ ಮನೆಯಲ್ಲಿ. ಕಾಗದದ ಮೇಲೆ ಅಚ್ಚು ಮಾಡಿಸಿದ್ದು ಅಜ್ಜಿಯವರ ಕೈಯಲ್ಲಿದೆ. ಡಿಸ್ಕು ಈಗಲೂ ಅದೇ ವಸ್ತ್ರದಲ್ಲಿ, ಅದೇ ಪೆಟ್ಟಿಗೆಯಲ್ಲಿ.